ತವರೆಳ್ಳಿಗೆ ನೀರು

ನಮ್ಮೂರಿನ ಜನರನ್ನು ಗುರುತಿಸಬೇಕೆಂದರೆ ಬಾಗಿಲ ಬಳಿ ನಿಂತು ನೋಡಬೇಕು. ಚಿಲಕ ಎಟುಕದೆ ತುದಿಗಾಲಲ್ಲಿ ನಿಂತವರು ಬಂಡೆಕೇರಿಯವರು. ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡು ಅದನ್ನೇ ಬೈಯುತ್ತ ನಿಂತವರು ಹೊಳೆಕೇರಿಯವರು. ಅಡ್ಡಡ್ಡ ತಿರುಗಿ, ಉಸಿರು ಬಿಗಿಹಿಡಿದು ತೂರಿಕೊಳ್ಳುವವರು ಚೌಳುಕೇರಿಯವರು. ಆಯಾ ಕೇರಿಯ ಕಾಡೆಳ್ಳು ಹೇಗೋ ಅಲ್ಲಿಯ ಜನವೂ ಹಾಗೆ. ಬಂಡೆಕೇರಿಯ ಕಾಡೆಳ್ಳು ಕಲ್ಲಿನ ಸೀಳಿನಲ್ಲಿ ಹುಟ್ಟಿ, ಗೇಣುದ್ದ ಆಗುವಷ್ಟರಲ್ಲಿ ಹೂಬಿಟ್ಟು, ಕಾಯಿ ಕಟ್ಟಿ, ಸಿಡಿದು, ಬಂದ ಕೆಲಸ ಮುಗಿಸಿಬಿಡುತ್ತದೆ. ಹೊಳೆಕೇರಿಯದು ಮೆಕ್ಕಲು ಮಣ್ಣಿನಲ್ಲಿ ಆಕಳಿಸುತ್ತ ಎದ್ದು, ಆಳೆತ್ತರ ದಾಟಿದ ಮೇಲೂ ಹೂ ಬಿಡಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ. ಚೌಳು ನೆಲದ್ದು ಮೇಲೆ ಹೋಗುವ ಗೋಜಿಗೇ ಹೋಗದೆ ಬುಡದಿಂದಲೇ ಕವಲೊಡೆದು ಅಂಗಳದ ತುಂಬ ಕಾಲು ಚಾಚಿ ಕೂರುತ್ತದೆ.

ಇದರಿಂದ ಯಾರಿಗೂ ಅಂಥ ತೊಂದರೆಯೇನಿಲ್ಲ. ಕ್ಷೌರದ ಅಂಗಡಿಯಲ್ಲಿ ಹೊಳೆಕೇರಿಯವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ನಮ್ಮ ಬಂಡೆಕೇರಿಯವರಿಗೆ ಕುರ್ಚಿಯ ಮೇಲೊಂದು ಹಲಗೆ ಹಾಕುತ್ತಾರೆ. ಹೋಟೆಲಿನವನು ಎತ್ತರದ ಟೇಬಲ್ಲಿನ ಕೆಳಗೇ ಇನ್ನೊಂದು ಗಿಡ್ಡ ಟೇಬಲ್ಲು ಇಟ್ಟಿದ್ದಾನೆ, ಮೇಲಿನವರ ಸಾಂಬಾರು ಕೆಳಗಿನವರ ತಲೆಗೆ ಸುರಿದಾಗ ಮಾತ್ರ ಸ್ವಲ್ಪ ಗಲಾಟೆಯಾಗುತ್ತದೆ. ದರ್ಜಿ ಮಾತ್ರ ಯಾವ ಬಟ್ಟೆಯನ್ನೂ ಪೂರ್ತಿ ಕತ್ತರಿಸುವುದಿಲ್ಲ, ಉಳಿದದ್ದನ್ನು ಒಳಗೆ ಮಡಚಿ ಹೊಲಿಯುತ್ತಾನೆ. ಮದುವೆಯಾಗಿ ಕೇರಿ ಬದಲಾದವರ ಅಳತೆಯೂ ಬದಲಾಗುತ್ತದಲ್ಲ, ಅದಕ್ಕೆ.

ಬೇರೆ ಕೇರಿಗೆ ಸೊಸೆಯಾಗಿ ಹೋಗುವವಳು ಮಡಿಲಲ್ಲಿ ತನ್ನ ಕೇರಿಯ ಕಾಡೆಳ್ಳು ಕಟ್ಟಿಕೊಂಡು ಹೋಗುತ್ತಾಳೆ. ಅದಕ್ಕೆ ತವರೆಳ್ಳು ಅಂತ ಹೆಸರು. ಮೊದಲ ಮಳೆಗೆ ಗಂಡನ ಮನೆಯ ಅಂಗಳದಲ್ಲಿ ಬಿತ್ತಿ, ಹುಟ್ಟಿದ್ದರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಬೇಕು. ಆ ಗಿಡ ಹೊಸ ಮಣ್ಣಿನಲ್ಲಿ ಎಷ್ಟು ಎತ್ತರಕ್ಕೆ ಏಳುತ್ತದೋ ಅವಳೂ ಅದಕ್ಕೆ ತಕ್ಕ ಹಾಗೆ ಏಳುತ್ತಾಳೆ. ಮೊಗ್ಗು ಬಂದಾಗ ಕೇರಿಯ ಹಿರಿಯರು ನೋಡಲು ಬರುತ್ತಾರೆ. ಅವರ ಕಣ್ಣೆದುರು ಹೂ ಅರಳಿದರೆ ಸೊಸೆ ಆ ಮನೆಯವಳಾದಳು. ಗಿಡ ಸತ್ತರೆ ಮಾತ್ರ ಅವಳಿಗೆ ಸೀರೆ ಕುಪ್ಪಸ ಕೊಟ್ಟು, ಅರಿಶಿನ ಕುಂಕುಮ ಇಟ್ಟು, ತವರಿಗೆ ಕಳಿಸಿಬಿಡುತ್ತಾರೆ. ಅದರಲ್ಲಿ ದ್ವೇಷವಿಲ್ಲ, ಎಳ್ಳು ಬದುಕದ ನೆಲದಲ್ಲಿ ಹೆಣ್ಣೂ ಬದುಕುವುದಿಲ್ಲ ಎಂಬ ಭಯ ಅಷ್ಟೆ.

ನಾನು ಕೆಂಚವ್ವ, ಬಂಡೆಕೇರಿಯವಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು. ಸವೆದ ಬೀಸುಕಲ್ಲುಗಳನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ನನ್ನ ಕಸುಬು. ಹೊಳೆಯಾಚೆಗಿನ ಮನೆಗಳಿಗೆ ಹೋಗಲು ಹರಿಗೋಲು ಹತ್ತಬೇಕಿತ್ತು. ಹರಿಗೋಲು ನಡೆಸುತ್ತಿದ್ದವನು ಜವರಯ್ಯ, ಹೊಳೆಕೇರಿಯವನು, ನಾನು ನಿಂತರೆ ಅವನ ಸೊಂಟಕ್ಕೆ ಬರುತ್ತಿದ್ದೆ. ಒಂದು ಮಾತು ಕೇಳಿದರೆ ಅವನು ಆಚೆ ದಡ ಮುಟ್ಟಿದ ಮೇಲೆ ಉತ್ತರ ಕೊಡುತ್ತಿದ್ದ. "ಮಳೆ ಬತ್ತದಾ?" ಅಂತ ಈ ದಡದಲ್ಲಿ ಕೇಳಿದರೆ, ನಾವಿಬ್ಬರೂ ನೆನೆದು ತೊಪ್ಪೆಯಾದ ಮೇಲೆ "ಬತ್ತದೆ" ಅನ್ನುತ್ತಿದ್ದ. ಅವನ ಜೊತೆ ಜಗಳ ಆಡುವುದಕ್ಕೆಂದೇ ನಾನು ಕೆಲಸವಿಲ್ಲದ ದಿನವೂ ಹೊಳೆ ದಾಟತೊಡಗಿದೆ. ಆಮೇಲೆ ಏನಾಯಿತು ಅಂತ ಬಿಡಿಸಿ ಹೇಳಬೇಕೇ?

ಅವನೇ ನಮ್ಮ ಕೇರಿಗೆ ಬರಬಹುದಿತ್ತಲ್ಲ ಅಂದರೆ, ಬಂಡೆಯ ಮೇಲೆ ಹರಿಗೋಲು ಹಾಕಿಕೊಂಡು ಎಲ್ಲಿಗೆ ಹೋಗುತ್ತಾನೆ? ಹೀಗೆ ನಾನೇ ಮಡಿಲಲ್ಲಿ ಎಳ್ಳು ಕಟ್ಟಿಕೊಂಡು ಹೊರಟೆ. ಬಂಡೆಕೇರಿಯಿಂದ ಹೊಳೆಕೇರಿಗೆ ಹೋಗಿ ನಿಂತ ಸೊಸೆ ಯಾರ ನೆನಪಿನಲ್ಲೂ ಇರಲಿಲ್ಲ. "ಅಲ್ಲಿ ಬೇರು ನಿಲ್ಲಲ್ಲ ಕಣೇ" ಅಂತ ನನ್ನವ್ವ ಬೋರವ್ವ ಹೊಸಿಲಿನವರೆಗೂ ಹೇಳುತ್ತಲೇ ಇದ್ದಳು. "ನಿಲ್ಲಿಸ್ತೀನಿ ಬುಡು" ಅಂದೆ. ನನಗೆ ಜವರಯ್ಯ ಬೇಕಿತ್ತು.

ಅತ್ತೆಯ ಹೆಸರು ಪುಟ್ಟತಾಯಮ್ಮ. ಅವರ ಮುಖ ನೋಡಬೇಕೆಂದರೆ ನಾನು ಜಗಲಿ ಹತ್ತಬೇಕಿತ್ತು. ಬಿತ್ತಿದ ಎಳ್ಳು ನಮ್ಮ ಕೇರಿಯ ಚಾಳಿಯಂತೆ ತಡಮಾಡದೆ ಹುಟ್ಟಿತು. ಅತ್ತೆ ಅದನ್ನು ಕಂಡು ಹಿಗ್ಗಿಹೋದರು. ಗಂಡು ಮಕ್ಕಳನ್ನಷ್ಟೇ ಹೆತ್ತಿದ್ದ ಅವರಿಗೆ ಗಿಡವೂ ಬಂತು, ಮಗಳೂ ಬಂದಳು. ಬೆಳಗೆದ್ದು ಹಲ್ಲುಜ್ಜುವ ಮೊದಲೇ ಒಂದು ಬಿಂದಿಗೆ ನೀರು ಅದರ ಬುಡಕ್ಕೆ. ಊಟಕ್ಕೆ ಮುಂಚೆ ಇನ್ನೊಂದು. ದೀಪ ಹಚ್ಚುವ ಹೊತ್ತಿಗೆ ಮತ್ತೊಂದು, "ಉಣ್ಣು ಮಗಾ, ಸಂಕೋಚ ಪಡಬ್ಯಾಡ" ಅಂತ ಉಪಚಾರ ಬೇರೆ.

ಹೊಳೆಕೇರಿಯಲ್ಲಿ ಪ್ರೀತಿ ಅಂದರೆ ನೀರು. ಬಂದವರಿಗೆ ನೀರು, ಹೋಗುವವರಿಗೆ ನೀರು, ಅತ್ತವರಿಗೆ ನೀರು, ನಕ್ಕವರಿಗೆ ನೀರು. ಯಾರಾದರೂ ನೀರು ನೀಡಿದಾಗ ಬೇಡ ಅನ್ನುವಂತಿಲ್ಲ. ಆ ಮಾತು ಆಡಿದರೆ ಸಂಬಂಧ ಕಡಿದುಕೊಂಡಂತೆ. ಪಕ್ಕದ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಎಂದೋ ಹೊಟ್ಟೆಯುಬ್ಬರಕ್ಕೆ "ನೀರು ಬ್ಯಾಡ" ಅಂದುಬಿಟ್ಟಿದ್ದನಂತೆ, ಅವರ ಮೊಮ್ಮಕ್ಕಳೂ ಇವತ್ತಿಗೂ ಮಾತಾಡುವುದಿಲ್ಲ. ಹೊಸ ಸೊಸೆ ನಾನು ಏನು ಹೇಳಲಿ? ಬಂಡೆಯ ಎಳ್ಳಿಗೆ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ನನಗೆ ಗೊತ್ತು. ಆದರೆ ಆ ಎತ್ತರದಿಂದ ಅಷ್ಟು ಅಕ್ಕರೆಯಿಂದ ಬಗ್ಗಿ ನೀರು ಹೊಯ್ಯುವ ಆ ಮುಖ ನೋಡಿದರೆ, ನನ್ನಂಥ ಬಾಯಿಬಡುಕಿಯ ನಾಲಿಗೆಯೂ ಒಣಗಿಬಿಡುತ್ತಿತ್ತು.

ಗಿಡ ಹಳದಿಯಾಯಿತು. ಅದರ ಜೊತೆ ನಾನೂ ಇಳಿಯತೊಡಗಿದೆ. ಮೊದಲು ಬಳೆ ಮೊಣಕೈವರೆಗೂ ಜಾರಿತು. ಆಮೇಲೆ ಕಾಲುಂಗುರ ಬಚ್ಚಲಲ್ಲಿ ಕಳಚಿ ಬಿತ್ತು. ಸೀರೆಗೆ ಎಷ್ಟು ನೆರಿಗೆ ಹಿಡಿದರೂ ಮುಗಿಯದು. ಜವರಯ್ಯನ ಸೊಂಟಕ್ಕೆ ಬರುತ್ತಿದ್ದವಳು ಅವನ ತೊಡೆಗೆ ಬಂದೆ. ಅತ್ತೆ ನನ್ನನ್ನು ಎತ್ತಿ ಕಂಕುಳಲ್ಲಿ ಕೂರಿಸಿಕೊಂಡು ಗೋಳಾಡಿದರು.

"ಅಯ್ಯೋ ನನ್ನ ಕಂದ ಕರಗೋಯ್ತಾ ಅವಳಲ್ಲಪ್ಪಾ! ಗಿಡಕ್ಕೆ ನೀರು ಸಾಲ್ದು ಕಣೋ ಜವರ, ಇನ್ನೊಂದು ಬಿಂದಿಗೆ ತತ್ತಾ!"

ಹೀಗೆ ಗಿಡ ಬಾಡಿದಷ್ಟೂ ನೀರು ಹೆಚ್ಚಾಯಿತು, ನೀರು ಹೆಚ್ಚಾದಷ್ಟೂ ಗಿಡ ಬಾಡಿತು. ನನ್ನ ಸಂಸಾರಕ್ಕೆ ಎಳ್ಳುನೀರು ಬಿಡುವ ಕಾಲ ಬಂತು ಅಂದುಕೊಂಡೆ. ಆದರೂ ಬಂಡೆಕೇರಿಯವಳು ಅಷ್ಟು ಬೇಗ ಕೈಚೆಲ್ಲುತ್ತಾಳೆಯೇ? ಅತ್ತೆ ಕಾಣದಂತೆ ಗಿಡದ ಬುಡದಿಂದ ಚರಂಡಿಯವರೆಗೆ ಕಡ್ಡಿಯಲ್ಲಿ ಕಾಲುವೆ ತೋಡಿದೆ. ಅತ್ತೆ ನೋಡಿ, ಹೆಗ್ಗಣ ಕೊರೆದಿದೆ ಅಂತ ಮಣ್ಣು ತುಂಬಿ ತುಳಿದರು. ಬುಡದ ಸುತ್ತ ಸಣ್ಣ ಕಲ್ಲು ಹರಡಿದೆ, ನೀರು ಇಂಗದೆ ಹರಿದುಹೋಗಲಿ ಅಂತ. ಹೊಟ್ಟೆಕಿಚ್ಚಿನವರು ಯಾರೋ ನನ್ನ ಸೊಸೆಯ ಗಿಡಕ್ಕೆ ಕಲ್ಲು ಹೊಡೆದಿದ್ದಾರೆ ಅಂತ ಅತ್ತೆ ಬೀದಿಗೆ ಬಂದು ಇಡೀ ಕೇರಿಗೆ ಮಂಗಳಾರತಿ ಎತ್ತಿದರು. ಆಮೇಲೆ ಒಂದೊಂದೇ ಕಲ್ಲು ಆಯ್ದು ಎಸೆದು, ಪಾಪ ಪೆಟ್ಟಾಗಿರಬೇಕು ಅಂತ ಎರಡು ಬಿಂದಿಗೆ ಹೆಚ್ಚು ಹೊಯ್ದರು. ನಾನು ಒಳಗೆ ಹೋಗಿ ಬೀಸುಕಲ್ಲಿಗೆ ಹಣೆ ಚಚ್ಚಿಕೊಂಡೆ.

ಕೊನೆಗೆ ಜವರಯ್ಯನನ್ನು ಹಿಡಿದೆ. ನಮ್ಮ ಕೇರಿಯಲ್ಲಿ ಗಂಡನಿಗೆ ಬಹುವಚನ ಹಚ್ಚುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

"ನಿಮ್ಮವ್ವಂಗೆ ನೀನಾದ್ರೂ ಹೇಳು. ಗಿಡ ಸತ್ರೆ ನಾನು ಇಲ್ಲಿರಾಕಾಗಲ್ಲ."

ಹೊಳೆಯ ಮೇಲಿನ ಬಿಸಿಲು ಇಳಿದ ಮೇಲೆ ಅವನು "ಅವ್ವಂಗೆ ನೀರು ಬ್ಯಾಡ ಅನ್ನಾದು ಎಂಗೆ ಅಮ್ಮಿ?" ಅಂದ. ಅದರ ಹಿಂದೆಯೇ, "ನೀನು ಹೋದ್ರೆ ನಾನು ಹರಿಗೋಲು ಮಗುಚಾಕ್ಬುಡ್ತೀನಿ" ಅಂದ. ಒಂದೇ ಸಲಕ್ಕೆ ಅವನು ಎರಡು ಮಾತು ಆಡಿದ್ದು ನಾನು ಕೇಳಿದ್ದು ಅದೇ ಮೊದಲು. ಅವನ ಮೊಣಕಾಲಿಗೆ ಒರಗಿ ಅತ್ತುಬಿಟ್ಟೆ. ಅವನೇನು ಮಾಡಬೇಕು, ಎದ್ದು ಹೋಗಿ ನನಗೊಂದು ಲೋಟ ನೀರು ತಂದ.

ಅಷ್ಟರಲ್ಲಿ ನನ್ನವ್ವ ಬೀಗಿತ್ತಿಯನ್ನು ಊಟಕ್ಕೆ ಕರೆದಳು. ಮದುವೆಯಾದ ಮೇಲೆ ಅದೊಂದು ಆಗಲೇಬೇಕಾದ ಶಾಸ್ತ್ರ. ಅತ್ತೆ ಹೊಸ ಸೀರೆ ಉಟ್ಟು, ದಾರಿಯುದ್ದಕ್ಕೂ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಹೋಗುವ ಮುಂಚೆ ಜವರಯ್ಯನಿಗೆ "ಗಿಡಕ್ಕೆ ನೀರು ಹುಯ್ಯಾದು ಮರ್ತೀಯ ಜೋಕೆ" ಅಂತ ಎಚ್ಚರಿಕೆ ಕೊಟ್ಟೇ ಬಂದಿದ್ದರು.

ಬಂಡೆಕೇರಿಯಲ್ಲಿ ಅತಿಥಿಗೆ ಕೊಡುವ ಮರ್ಯಾದೆ ಬೇರೆ. ಮನೆಯ ಮುಂದಿನ ಹಾಸುಬಂಡೆಯಲ್ಲಿ ಯಾವ ಜಾಗ ಚೆನ್ನಾಗಿ ಕಾದಿರುತ್ತದೋ ಅಲ್ಲಿ ಕೂರಿಸುತ್ತೇವೆ. ಹತ್ತಿರದವರಾದಷ್ಟೂ ಹೆಚ್ಚು ಬಿಸಿಲು. ಕೊಟ್ಟ ಬಿಸಿಲನ್ನು ಬೇಡವೆಂದು ಯಾರೂ ಎದ್ದು ಹೋಗುವುದಿಲ್ಲ, ನಮಗೆ ಅದು ಹಿತವೇ. ಅವ್ವ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ ನಡುಬಂಡೆಯ ಮೇಲೆ ಕೂರಿಸಿದಳು. ಅಲ್ಲಿ ಕೂರುವ ಭಾಗ್ಯ ನನ್ನಪ್ಪನಿಗೂ ಸಿಕ್ಕಿರಲಿಲ್ಲ.

ಅತ್ತೆ ಮೊದಲು ನಕ್ಕರು. ಆಮೇಲೆ ಒಂದು ಪಕ್ಕಕ್ಕೆ ವಾಲಿದರು. ಆಮೇಲೆ ಇನ್ನೊಂದು ಪಕ್ಕಕ್ಕೆ. ಹಣೆಯ ಕುಂಕುಮ ಮೂಗಿನವರೆಗೂ ಇಳಿಯಿತು. ಸುಳ್ಳೇಕೆ, ನನಗೆ ಎಲ್ಲ ಕಾಣುತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ನನ್ನವ್ವನಿಗೆ ಬೇಡವೆನ್ನುವುದು ಹೇಗೆ?

"ಯಾಕೆ ಬೀಗಿತ್ತಿ, ಮಿಸುಕಾಡ್ತೀರಿ? ಬಿಸ್ಲು ಸಾಲ್ದಾ?" ಅಂತ ಅವ್ವ ಕಳವಳದಿಂದ ಓಡಿಬಂದಳು. "ಹಾಳು ಮೋಡ ಬಂದ್ಬುಡ್ತು. ಈ ಕಡೀಕೆ ಬನ್ನಿ, ಇಲ್ಲಿ ಇನ್ನೂ ಕಾದದೆ. ಸಂಕೋಚ ಪಡಬ್ಯಾಡಿ, ನಿಮ್ದೇ ಮನೆ."

ಅತ್ತೆ ಎದ್ದು ಈ ಕಡೆ ಬಂದು ಕೂತರು. ಕೂತ ಕ್ಷಣವೇ ಆ ಎತ್ತರದ ಹೆಂಗಸು ಸೀರೆ ಎತ್ತಿ ಹಿಡಿದು ನೆಗೆದು ನಿಂತಿತು.

"ಸಾಕು ಕಣವ್ವೋ! ಬೆಂದೋದೆ! ನಿನ್ ಬಿಸ್ಲು ನಂಗೆ ಬ್ಯಾಡ ಕಣವ್ವೋ!"

ಅವ್ವನ ಮುಖ ಚಿಕ್ಕದಾಯಿತು. ಅತ್ತೆಗೂ ಬಾಯಿಂದ ಜಾರಿದ ಮಾತು ತಿಳಿಯಿತು, ನಾಚಿಕೊಂಡು ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣಿಗೆ ಕಂಡದ್ದು ಕಾಲಬುಡದ ಬಂಡೆಯ ಸೀಳು. ಅದರಲ್ಲಿ ಕಾಡೆಳ್ಳು, ಗೇಣುದ್ದದ ಗಿಡ, ಮೈತುಂಬ ಹೂ ಬಿಟ್ಟುಕೊಂಡು ಗಾಳಿಗೆ ಕುಣಿಯುತ್ತಿತ್ತು. ಅತ್ತೆ ಬಗ್ಗಿ ಬುಡದ ಮಣ್ಣು ಮುಟ್ಟಿದರು. ಹಿಡಿ ಬೂದಿಯಂತೆ ಒಣಗಿತ್ತು.

"ಇದಕ್ಕೆ ನೀರು ಹುಯ್ಯೋರು ಯಾರು?"

"ನೀರಾ? ಇದಕ್ಕಾ?" ಅವ್ವ ಬೆಚ್ಚಿದಳು. "ಯಾಕೆ ಬೀಗಿತ್ತಿ, ಅದೇನು ತಪ್ಪು ಮಾಡ್ಯದೆ?"

ಅತ್ತೆ ಹೂವನ್ನು ನೋಡಿದರು. ಬಂಡೆಗೆ ಊರಿ ಸುಟ್ಟುಕೊಂಡ ಅಂಗೈ ನೋಡಿಕೊಂಡರು. ನನ್ನ ಜಾರುವ ಬಳೆಗಳನ್ನು ನೋಡಿದರು. ಆಮೇಲೆ ಆ ಕಾದ ಬಂಡೆಯ ಮೇಲೆಯೇ ಮೊಣಕಾಲೂರಿ, ನನ್ನ ಮುಖಕ್ಕೆ ಮುಖ ಸರಿಯಾಗಿ ಬರುವಂತೆ ಕೂತರು.

"ನಿಂಗೂ ಇಂಗೇ ಆಯ್ತಿತ್ತಾ ಮಗಾ? ನಾನು ಹುಯ್ದಾಗೆಲ್ಲ?"

ನಾನು ತಲೆಯಾಡಿಸಿದೆ. "ಮೂದೇವಿ, ಒಂದ್ ಮಾತು ಹೇಳಬಾರ್ದಾಗಿತ್ತಾ!" ಅಂತ ಅತ್ತೆ ನನ್ನನ್ನು ಅಪ್ಪಿಕೊಂಡು ಅತ್ತರು. ಅಳುತ್ತಲೇ "ಅಯ್ಯಯ್ಯೋ ಮಂಡಿ ಸುಡ್ತದೆ" ಅಂದರು. ನನಗೆ ನಗು ಬಂತು, ಅವರಿಗೂ ಬಂತು. ಏನೂ ಅರ್ಥವಾಗದ ಅವ್ವನೂ ಜೊತೆಗೆ ನಕ್ಕು, ಬೀಗಿತ್ತಿಯನ್ನು ಮೊದಲ ಸಲ ನೆರಳಿಗೆ ಕರೆದುಕೊಂಡು ಹೋದಳು.

ಮನೆಗೆ ಬಂದ ಮೇಲೆ ಅತ್ತೆ ನೀರು ನಿಲ್ಲಿಸಿದರು. ಹೇಳಿದಷ್ಟು ಸುಲಭವಲ್ಲ ಅದು. ಬೆಳಗೆದ್ದರೆ ಕೈ ತಾನಾಗಿ ಬಿಂದಿಗೆ ತುಂಬುತ್ತಿತ್ತು. ಗಿಡದವರೆಗೂ ಬಂದು, ಬಗ್ಗಿ, ಹಲ್ಲು ಕಚ್ಚಿ ನಿಂತು, ಮತ್ತೆ ಆ ನೀರನ್ನು ಹಿತ್ತಲ ಬಾಳೆಗೆ ಸುರಿದು ಬರುತ್ತಿದ್ದರು. ಆ ಬಾಳೆಗೆ ಶುಕ್ರದೆಸೆ ತಿರುಗಿ, ಎತ್ತಲಾರದಂಥ ಗೊನೆ ಬಿಟ್ಟಿತು. ಬುಡದ ಸುತ್ತ ಕಲ್ಲು ಜೋಡಿಸಿದವರೂ ಅತ್ತೆಯೇ. "ಈ ಗಾತ್ರ ಆಯ್ತದಾ? ಇದು ಚುಚ್ಚಲ್ವಾ ಅದಕ್ಕೆ?" ಅಂತ ಒಂದೊಂದು ಕಲ್ಲನ್ನೂ ನನಗೆ ತೋರಿಸಿ ಇಡುತ್ತಿದ್ದರು. ಜವರಯ್ಯ ಹರಿಗೋಲಿನಲ್ಲಿ ಬಂಡೆಕೇರಿಯ ಒಂದು ಮೂಟೆ ಕಲ್ಲುಪುಡಿ ತಂದು ಏನೂ ಹೇಳದೆ ಇಳಿಸಿ ಹೋದ.

ಗಿಡ ಮೊದಲು ಹಸಿರಾಯಿತು, ಆಮೇಲೆ ತಲೆಯೆತ್ತಿತು. ನನ್ನ ಬಳೆ ಮುಂಗೈಗೆ ಬಂದು ನಿಂತಿತು. ಬಂಡೆಯ ಬೀಜವಾದರೂ ಮೆಕ್ಕಲಿನ ಸಾರ ಒಂದಿಷ್ಟು ಹೀರಿತಲ್ಲ, ನಮ್ಮ ಕೇರಿಯಲ್ಲಿ ಯಾರೂ ಕಂಡಿರದಷ್ಟು ಎತ್ತರಕ್ಕೆ ಎದ್ದಿತು. ಹಾಗಂತ ಹೊಳೆಕೇರಿಯ ಗಿಡಗಳ ಅರ್ಧವೂ ಬರಲಿಲ್ಲ. ನಾನೂ ಜವರಯ್ಯನ ಸೊಂಟ ದಾಟಿ ಪಕ್ಕೆಲುಬಿಗೆ ಬಂದೆ. ಅವನು ಮಾತಾಡದೆ ಕೂತಾಗ ಬೆರಳಿಂದ ತಿವಿಯಲು ಅದಕ್ಕಿಂತ ಒಳ್ಳೆಯ ಎತ್ತರ ಇಲ್ಲ. ಒಂದು ಸಂಜೆ ತುದಿಯಲ್ಲಿ ಮೊಗ್ಗು ಕಂಡಿತು. ಕೇರಿಯ ಉಳಿದ ಗಿಡಗಳು ಇನ್ನೂ ಆಕಳಿಸುತ್ತಿದ್ದವು. ಅತ್ತೆ ಮೊಗ್ಗನ್ನು ನೋಡಿ ಬೀದಿಯ ಕೊನೆಯವರೆಗೂ ಓಡಿಹೋಗಿ ಸಾರಿ ಬಂದರು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹಿರಿಯರು ಬಂದರು, ಐದು ಮಂದಿ. ಮುಂದೆ ಮರಿಗೌಡರು, ಕೇರಿಗೆಲ್ಲ ಎತ್ತರದವರು. ನಾವು ಸಂತೋಷದಲ್ಲಿ ಒಂದು ಮರೆತಿದ್ದೆವು, ಹಿರಿಯರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ತುಂಬಿದ ದೊಡ್ಡ ಚೊಂಬು. ಗಿಡದ ಬುಡಕ್ಕೆ ನೀರೆರೆದು ಹರಸಿ, ಹೂ ಅರಳುವುದನ್ನು ಕಾಯುವುದು ಪದ್ಧತಿ. ಕೊಳೆತು ಬದುಕಿದ ಬೇರು ಅದು, ಈಗಷ್ಟೇ ಮಣ್ಣು ಹಿಡಿದಿತ್ತು. ಐದು ಚೊಂಬು ಬಿದ್ದರೆ ಮೊಗ್ಗು ಅಲ್ಲೇ ಉದುರಿ, ನಾನು ಅವತ್ತೇ ಹೊಳೆ ದಾಟಬೇಕಾಗುತ್ತಿತ್ತು. ಜವರಯ್ಯನ ಕೈ ಹಿಡಿದೆ.

ಮರಿಗೌಡರು ಚೊಂಬು ಬಗ್ಗಿಸಿದರು. ಅಷ್ಟರಲ್ಲಿ ಅತ್ತೆ ಗಿಡಕ್ಕೂ ಅವರಿಗೂ ನಡುವೆ ಹೋಗಿ ನಿಂತರು.

"ಬ್ಯಾಡ."

ಹೊಳೆಕೇರಿ ಅಂಥ ಮಾತನ್ನು ಹಿರಿಯರ ಎದುರು ಕೇಳಿರಲಿಲ್ಲ. ಮರಿಗೌಡರ ಹುಬ್ಬು ಗಂಟಿಕ್ಕಿತು. "ಏನಂದೆ ಪುಟ್ಟತಾಯಿ? ನಮ್ಮ ನೀರನ್ನ ಬ್ಯಾಡ ಅಂದೆಯಾ?"

"ನೀರನ್ನ ಬ್ಯಾಡ ಅಂತಿಲ್ಲ ಗೌಡ್ರೆ. ಈ ಗಿಡಕ್ಕೆ ಬ್ಯಾಡ ಅಂದೆ. ನಿಮ್ಮ ನೀರು ನಂಗೆ ಬೇಕು. ಇಲ್ಲಿ ಕೊಡಿ."

ಅಂದವರೇ ಚೊಂಬು ಕಸಿದುಕೊಂಡು, ಕತ್ತು ಹಿಂದೆ ಚೆಲ್ಲಿ, ಗಟಗಟನೆ ಅಷ್ಟನ್ನೂ ಕುಡಿದು ಮುಗಿಸಿದರು. ಬಾಯಿ ಒರೆಸಿಕೊಂಡು ಎರಡನೆಯವರ ಮುಂದೆ ಕೈಚಾಚಿದರು. ಅದೂ ಹೋಯಿತು. ಮೂರನೆಯದಕ್ಕೆ ಜಗಲಿಯ ಮೇಲೆ ಕೂತರು, ಹೊಟ್ಟೆ ತಮಟೆಯಂತಾಗಿತ್ತು, ಕಣ್ಣು ಗುಡ್ಡೆ ಹೊರಬರುತ್ತಿತ್ತು, ಆದರೂ ಬಿಡಲಿಲ್ಲ. ಬೇಲಿಯ ಮೇಲಿನಿಂದ ಇಣುಕುತ್ತಿದ್ದ ಕೇರಿಯ ಹೆಂಗಸರು "ಹಾಕು ಪುಟ್ಟತಾಯವ್ವ, ಹಾಕು!" ಅಂತ ಕೂಗತೊಡಗಿದರು. ಹಿರಿಯರಲ್ಲೊಬ್ಬರು ನಗು ತಡೆಯಲಾರದೆ ಟವೆಲ್ಲು ಬಾಯಿಗೆ ಒತ್ತಿಕೊಂಡರು. ನಾಲ್ಕನೆಯ ಚೊಂಬನ್ನು ಜವರಯ್ಯ ಯಾರನ್ನೂ ಕೇಳದೆ ಎತ್ತಿಕೊಂಡು, ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಮಾಡಿರದಷ್ಟು ಬೇಗ ಕುಡಿದ.

ಈ ಗದ್ದಲದಲ್ಲಿ ಗಿಡವನ್ನು ನೋಡುವವರು ಯಾರೂ ಇರಲಿಲ್ಲ. ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬಂದಿತ್ತು. "ಅರಳ್ತು ಕಣ್ರಪ್ಪೋ" ಅಂತ ಮರಿಗೌಡರು ಮೆಲ್ಲಗೆ ಅಂದಾಗ ಎಲ್ಲರೂ ತಿರುಗಿದರು. ತಿಳಿ ನೇರಳೆಯ ಹೂ ಬಾಯಿ ತೆರೆದಿತ್ತು, ಒಂದು ಜೇನು ಆಗಲೇ ಒಳಗೆ ತಲೆ ತೂರಿಸಿ ಬೆನ್ನು ಮಾತ್ರ ಹೊರಗೆ ಬಿಟ್ಟುಕೊಂಡಿತ್ತು. ಕೇರಿಯ ಹೆಂಗಸರು ಒಟ್ಟಿಗೆ ಕೇಕೆ ಹಾಕಿದರು. ನಾನು ಆ ಮನೆಯವಳಾದೆ. ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ, ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕೊನೆಯ ಹಿರಿಯರು ಇನ್ನೂ ತುಂಬಿದ ಚೊಂಬು ಹಿಡಿದೇ ನಿಂತಿದ್ದರು. ಅತ್ತೆ ಏಳಲು ನೋಡಿದರು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಜಗಲಿಗೆ ಒರಗಿ, ತೇಗಿ, ನನ್ನತ್ತ ನೋಡಿದರು.

"ಮಗಾ, ನಿಂಗೆ ಬ್ಯಾಡ ಅನ್ನಿಸಿದ್ರೆ ಬ್ಯಾಡ ಅನ್ನು. ಯಾರು ಏನಂತಾರೋ ನಾನು ನೋಡ್ಕೋತೀನಿ."

ಹೊಳೆಕೇರಿಯಲ್ಲಿ ಯಾವ ಸೊಸೆಗೂ ಯಾವ ಅತ್ತೆಯೂ ಆಡಿರದ ಮಾತು ಅದು. ನಾನು ಮುಂದೆ ಹೋಗಿ ಎರಡೂ ಕೈಯಲ್ಲಿ ಆ ಚೊಂಬು ತೆಗೆದುಕೊಂಡೆ. ಬೇಡ ಅನ್ನಬಹುದಾಗಿದ್ದ ಆ ನೀರನ್ನು ಒಂದು ತೊಟ್ಟೂ ಚೆಲ್ಲದೆ ಪೂರ್ತಿ ಕುಡಿದೆ.